‘ಬಿಎ ಅಂದಕೂಡಲೇ ಉತ್ತರವೇ ಬರುವುದಿಲ್ಲ’: ಇಂಟರ್ನ್‌ಶಿಪ್ ಹುಡುಕುವ ಬಗೆ

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎ ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ನನ್ನ ವಿಷಯಗಳು. ಪಿಯುಸಿಯಲ್ಲಿ ಶೇ 78 ಬಂದಿತ್ತು. ರಜೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕೆಂದು ಎರಡು ತಿಂಗಳಲ್ಲಿ ಸುಮಾರು 40 ಇಮೇಲ್ ಕಳಿಸಿದೆ. ಒಂದಕ್ಕೂ ಉತ್ತರ ಬಂದಿಲ್ಲ. ಬಿಸಿಎ ಓದುವ ನನ್ನ ಚಿಕ್ಕಪ್ಪನ ಮಗನಿಗೆ ಬೆಂಗಳೂರಿನಲ್ಲಿ ತಿಂಗಳಿಗೆ ₹12,000 ಕೊಡುತ್ತಿದ್ದಾರೆ. ಆನ್‌ಲೈನ್ ಸಂಸ್ಥೆಯೊಂದು ₹3,500 ಕಟ್ಟಿದರೆ ಒಂದು ತಿಂಗಳ ಇಂಟರ್ನ್‌ಶಿಪ್ ಮತ್ತು ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುತ್ತಿದೆ. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಮಾತಾಡಲು ಅಳುಕು. ಬೆಂಗಳೂರಿಗೆ ಕಳಿಸಲು ಅಪ್ಪ ಒಪ್ಪುತ್ತಿಲ್ಲ, ಖರ್ಚೂ ಹೊಂದುವುದಿಲ್ಲ. ಬಿಎ ಓದುವವರಿಗೆ ಇಂಟರ್ನ್‌ಶಿಪ್ ಎಂಬುದು ನಿಜವಾಗಿ ಇದೆಯೇ?

ಉತ್ತರ: ಇದೆ. ಆದರೆ ನಿಮ್ಮ ಚಿಕ್ಕಪ್ಪನ ಮಗನಿಗೆ ಸಿಕ್ಕ ಜಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಹೆಣೆದುಕೊಂಡಿವೆ: ನನ್ನ ಓದಿಗೆ ಬೆಲೆಯಿಲ್ಲವೇ ಎಂಬುದು ಒಂದು, ಸರ್ಟಿಫಿಕೇಟಾದರೂ ಬೇಕಲ್ಲ ಎಂಬುದು ಇನ್ನೊಂದು, ಹಣ ಮತ್ತು ಊರು ಬಿಡುವ ಪ್ರಶ್ನೆ ಮೂರನೆಯದು. ಮೊದಲನೆಯದನ್ನು ಸರಿಯಾಗಿ ಬಿಡಿಸಿದರೆ ಉಳಿದೆರಡು ಅರ್ಧ ಸಡಿಲವಾಗುತ್ತವೆ.

ಸಾಫ್ಟ್‌ವೇರ್ ಕಂಪನಿಗೆ ಇಂಟರ್ನ್ ಎಂದರೆ ಮುಂದೆ ಕೆಲಸಕ್ಕೆ ತೆಗೆದುಕೊಳ್ಳಬಹುದಾದ ವ್ಯಕ್ತಿಯ ಪರೀಕ್ಷಾ ಅವಧಿ. ಅದಕ್ಕೆಂದೇ ಎಚ್‌ಆರ್ ವಿಭಾಗವಿದೆ, ಬಜೆಟ್ ಇದೆ, ಜಾಹೀರಾತು ಇದೆ. ಇತಿಹಾಸ, ಭಾಷೆ, ಅರ್ಥಶಾಸ್ತ್ರ ಬಲ್ಲವರಿಗೆ ಕೆಲಸವಿರುವ ಕಡೆ, ಅಂದರೆ ಪತ್ರಾಗಾರ (ಹಳೆಯ ದಾಖಲೆಗಳನ್ನು ಕಾಪಿಡುವ ಜಾಗ), ವಸ್ತುಸಂಗ್ರಹಾಲಯ, ಸಂಶೋಧನಾ ಸಂಸ್ಥೆ, ಪ್ರಕಾಶನ, ಸ್ವಯಂಸೇವಾ ಸಂಸ್ಥೆಗಳಲ್ಲಿ, ಇದ್ಯಾವುದೂ ಇರುವುದಿಲ್ಲ. ಐದೋ ಹತ್ತೋ ಜನ, ಮೈತುಂಬ ಕೆಲಸ. ಅವರಿಗೆ ದುಡ್ಡಿಗಿಂತ ಹೆಚ್ಚಿನ ಕೊರತೆ ಸಮಯದ್ದು. ಹೊಸಬರೊಬ್ಬರು ಬಂದರೆ ಅವರಿಗೆ ಏನು ಕೊಡುವುದು, ಯಾರು ತಿದ್ದುವುದು ಎಂದು ಯೋಚಿಸಲೂ ಪುರುಸೊತ್ತಿಲ್ಲ. ‘ತಮ್ಮ ಸಂಸ್ಥೆಯಲ್ಲಿ ಯಾವುದಾದರೂ ಅವಕಾಶವಿದ್ದರೆ ತಿಳಿಸಿ’ ಎಂಬ ಇಮೇಲ್ ಆ ಯೋಚನೆಯ ಭಾರವನ್ನೂ ಅವರ ತಲೆಗೇ ಹೊರಿಸುತ್ತದೆ. ನಿಮ್ಮ ನಲವತ್ತಕ್ಕೆ ಉತ್ತರ ಬಾರದ ಮುಖ್ಯ ಕಾರಣ ಇದೇ ಇರಬೇಕು, ಬಿಎ ಅಲ್ಲ.

ಅದೇ ಸಂಸ್ಥೆಗಳಲ್ಲಿ ಮುಗಿಯದೆ ಬಿದ್ದಿರುವ ಕೆಲಸಕ್ಕೆ ಲೆಕ್ಕವಿಲ್ಲ. ರೆಕಾರ್ಡ್ ಮಾಡಿಟ್ಟ ಸಂದರ್ಶನ ಅಕ್ಷರಕ್ಕೆ ಇಳಿದಿರುವುದಿಲ್ಲ, ಸ್ಕ್ಯಾನ್ ಆದ ಕಡತಕ್ಕೆ ಸೂಚಿ ಇರುವುದಿಲ್ಲ, ಇಂಗ್ಲಿಷ್ ವರದಿಗೆ ಕನ್ನಡ ಸಾರಾಂಶ ಇರುವುದಿಲ್ಲ. ಹೀಗಾಗಿ ನೀವು ಅವಕಾಶ ಕೇಳಬೇಡಿ. ಒಂದು ಕೆಲಸವನ್ನು ಹೆಸರಿಸಿ, ಅದನ್ನು ಇಷ್ಟು ವಾರದಲ್ಲಿ ಮಾಡಿಕೊಡುತ್ತೇನೆ ಎನ್ನಿ.

ಇನ್ನು ಕೆಲವು ತಪ್ಪು ತಿಳಿವಳಿಕೆ.

ಸರ್ಕಾರದ ದೊಡ್ಡ ಯೋಜನೆಗಳಲ್ಲಿ ಸಿಕ್ಕೇ ಸಿಗುತ್ತದೆ ಎಂದು ಯಾರಾದರೂ ಹೇಳಿರಬಹುದು. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಆರಂಭದಲ್ಲಿ 12 ತಿಂಗಳದ್ದು, ತಿಂಗಳಿಗೆ ₹5,000 ಇತ್ತು. ಆದರೆ ಆಗಿನ ನಿಯಮದಂತೆ ಅದು 21ರಿಂದ 24 ವರ್ಷದವರಿಗೆ, ಅದೂ ರೆಗ್ಯುಲರ್ ಕಾಲೇಜಿನಲ್ಲಿ ಓದುತ್ತಿಲ್ಲದವರಿಗೆ. ದೂರಶಿಕ್ಷಣದಲ್ಲಿ ಓದುವವರು ಹಾಕಬಹುದಿತ್ತು, ನಿಮ್ಮಂಥವರು ಹಾಕುವಂತಿರಲಿಲ್ಲ. ಪದವಿ ಮುಗಿದ ಮೇಲೆ ಆಗಿನ ನಿಯಮ ನೋಡಿ. ನಗರಸಭೆ, ಪಾಲಿಕೆಗಳಲ್ಲಿ ಇಂಟರ್ನ್‌ಶಿಪ್ ಕೊಡುವ ‘ಟುಲಿಪ್’ ಕೂಡ ಪದವಿ ಮುಗಿಸಿದವರಿಗೇ. ನೀತಿ ಆಯೋಗ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಬರೆದವರನ್ನು ತೆಗೆದುಕೊಳ್ಳುತ್ತದೆ, ಆದರೆ ಪಿಯುಸಿಯಲ್ಲಿ ಶೇ 85 ಕೇಳುತ್ತದೆ, ಸ್ಟೈಪೆಂಡೂ ಇಲ್ಲ, ದೆಹಲಿಯ ಖರ್ಚು ನಿಮ್ಮದೇ. ಈ ಮೂರಕ್ಕೂ ಈಗ ಸಮಯ ಕಳೆಯಬೇಡಿ.

ಇಂಗ್ಲಿಷ್ ಬಾರದಿದ್ದರೆ ಬಾಗಿಲೇ ಮುಚ್ಚಿದೆ ಎಂಬುದು ಅರ್ಧ ಸತ್ಯ. ಬೆಂಗಳೂರಿನ ನೀತಿ ಸಂಶೋಧನಾ ಸಂಸ್ಥೆಗಳಲ್ಲಿ ವರದಿ ಬರೆಯುವುದು ಇಂಗ್ಲಿಷಿನಲ್ಲೇ, ಅಲ್ಲಿ ಅದು ಬೇಕು. ಆದರೆ ಅದೇ ಸಂಸ್ಥೆ ಉತ್ತರ ಕರ್ನಾಟಕದಲ್ಲಿ ಸಮೀಕ್ಷೆ ಮಾಡಿ ತಂದ ರೆಕಾರ್ಡಿಂಗ್ ಕೇಳಿ ಬರೆದುಕೊಡಲು ಅಲ್ಲಿನವರು ತಡವರಿಸುತ್ತಾರೆ. ‘ಪೀಕ ಬಂದಿಲ್ರೀ, ಲಾಗೋಡಿ ಸೈತ ಹೊಂಟಿಲ್ಲ’ (ಬೆಳೆ ಬಂದಿಲ್ಲ, ಹಾಕಿದ ಖರ್ಚೂ ಹುಟ್ಟಿಲ್ಲ) ಎಂದು ರೈತ ಹೇಳಿದರೆ ನಿಮಗೆ ನೇರ ತಿಳಿಯುತ್ತದೆ. ಮೈಸೂರು ಕಡೆಯ ಸಂಶೋಧಕ ಅಲ್ಲಿ ರೆಕಾರ್ಡಿಂಗ್ ನಿಲ್ಲಿಸಿ ಯಾರನ್ನಾದರೂ ಕೇಳಬೇಕು. ಮಾರುಕಟ್ಟೆಯ ಗದ್ದಲದ ನಡುವೆ ಮಾಡಿದ ರೆಕಾರ್ಡಿಂಗ್‌ನಲ್ಲಿ ಧ್ವನಿಯನ್ನು ತಾನೇ ಅಕ್ಷರ ಮಾಡುವ ಸಾಫ್ಟ್‌ವೇರೂ ಇಂಥ ಮಾತಿನಲ್ಲಿ ಎಡವುತ್ತದೆ. ನೀವು ಕೊರತೆ ಎಂದುಕೊಂಡಿರುವ ಹಾವೇರಿ ಕನ್ನಡವೇ ಇಲ್ಲಿ ನಿಮ್ಮ ಅರ್ಹತೆ. ಇದಕ್ಕೆ ಇಂಗ್ಲಿಷ್ ಮಾತಾಡಬೇಕಿಲ್ಲ, ಓದಿ ತಿಳಿಯುವಷ್ಟು ಸಾಕು.

₹3,500ರ ವಿಷಯ ಸರಳ: ಕೊಡಬೇಡಿ. ಇಂಟರ್ನ್‌ಶಿಪ್‌ಗೆ ನೀವು ದುಡ್ಡು ಕಟ್ಟಿದರೆ ಅದು ಕೋರ್ಸ್, ಇಲ್ಲವೇ ಕಾಗದ ಮಾರಾಟ. ನೋಂದಣಿ ಶುಲ್ಕ, ವಾಪಸ್ ಕೊಡುತ್ತೇವೆ ಎನ್ನುವ ಲ್ಯಾಪ್‌ಟಾಪ್ ಠೇವಣಿ, ಸರ್ಟಿಫಿಕೇಟ್ ಮುದ್ರಣದ ಖರ್ಚು, ಹೆಸರು ಯಾವುದಾದರೂ ಆಗಲಿ. ಯುಪಿಐ ಮೂಲಕ ಈಗಾಗಲೇ ಕಟ್ಟಿ ಮೋಸ ಎಂದು ಗೊತ್ತಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಿಳಿಸಿದರೆ ತಡೆಯುವ ಸಾಧ್ಯತೆ ಹೆಚ್ಚು. ಇದರ ಅಣ್ಣನಂಥ ಇನ್ನೊಂದಿದೆ, ಅದು ದುಡ್ಡು ಕೇಳುವುದಿಲ್ಲ: ನಿಧಿ ಸಂಗ್ರಹದ ಇಂಟರ್ನ್‌ಶಿಪ್. ಸೇವಾ ಸಂಸ್ಥೆಯ ಹೆಸರಿನಲ್ಲಿ ಒಂದು ಲಿಂಕ್ ಕಳಿಸಿ, ನಿಮ್ಮ ನೆಂಟರಿಷ್ಟರಿಂದ ಇಷ್ಟು ಸಾವಿರ ಕೂಡಿಸಿದರೆ ಸರ್ಟಿಫಿಕೇಟ್ ಎನ್ನುತ್ತಾರೆ. ಅದರಿಂದ ಕಲಿಯುವುದು ಏನೂ ಇಲ್ಲ, ಸೋದರಮಾವನ ಮುಂದೆ ಮುಖ ಸಣ್ಣದಾಗುವುದೊಂದೇ ಲಾಭ. ‘ಕ್ಯಾಂಪಸ್ ಅಂಬಾಸಿಡರ್’ ಎಂಬ ಹೆಸರಿನಲ್ಲಿ ಬರುವ ಹೆಚ್ಚಿನವೂ ಸಹಪಾಠಿಗಳಿಗೆ ಆ್ಯಪ್ ಹಾಕಿಸುವ ಕೆಲಸ.

ನಿಮ್ಮ ಸುತ್ತಮುತ್ತ ಏನಿದೆ ನೋಡೋಣ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯವಿದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆ ಇದೆ, 1939ರದ್ದು. ಶಾಸನ, ಹಸ್ತಪ್ರತಿ, ವಸ್ತುಸಂಗ್ರಹ ಎಲ್ಲವೂ ಅಲ್ಲಿ. ಅಲ್ಲೇ ರಾಜ್ಯ ಪತ್ರಾಗಾರ ಇಲಾಖೆಯ ಪ್ರಾದೇಶಿಕ ಕಚೇರಿ, ಆರ್ಥಿಕ ಅಧ್ಯಯನಕ್ಕೆ ಸಿಎಂಡಿಆರ್ ಎಂಬ ಸಂಶೋಧನಾ ಸಂಸ್ಥೆ, 1890ರಿಂದ ನಡೆದುಬಂದ ವಿದ್ಯಾವರ್ಧಕ ಸಂಘ ಇವೆ. ಹಾವೇರಿಯಿಂದ ಹುಬ್ಬಳ್ಳಿ ಎಪ್ಪತ್ತು ಚಿಲ್ಲರೆ ಕಿಲೋಮೀಟರ್, ಧಾರವಾಡ ಇನ್ನೊಂದಿಷ್ಟು ಮುಂದೆ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ನಿಮಗೆ ಟಿಕೆಟ್ ಖರ್ಚಿಲ್ಲ, ಆಧಾರ್ ಕೈಯಲ್ಲಿದ್ದರೆ ಸಾಕು. ಆದರೂ ದಿನಾ ಹೋಗಿಬರುವುದು ಸುಸ್ತು. ವಾರಕ್ಕೆ ಮೂರು ದಿನ ಅಲ್ಲಿ, ಉಳಿದ ಕೆಲಸ ಮನೆಯಲ್ಲಿ ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಈ ಸಂಸ್ಥೆಗಳು ಇಂಟರ್ನ್‌ಶಿಪ್ ಎಂದು ಫಲಕ ಹಾಕಿ ಕೂತಿಲ್ಲ. ಕೇಳಬೇಕು. ಕೇಳುವ ರೀತಿಯೂ ಬೇರೆ. ಸರ್ಕಾರಿ ಕಚೇರಿ ಮತ್ತು ವಿಶ್ವವಿದ್ಯಾಲಯಕ್ಕೆ ಇಮೇಲ್ ನಂಬಬೇಡಿ. ಕನ್ನಡದಲ್ಲಿ ಒಂದು ಪುಟದ ಅರ್ಜಿ, ಜೊತೆಗೆ ಪ್ರಾಂಶುಪಾಲರ ಪತ್ರ. ಆ ಪತ್ರದಲ್ಲಿ ನೀವು ಅವರ ವಿದ್ಯಾರ್ಥಿನಿ, ಇಂಥ ದಿನದಿಂದ ಇಂಥ ದಿನದವರೆಗೆ ಹೋಗಲು ಕಾಲೇಜಿನ ಅಭ್ಯಂತರವಿಲ್ಲ ಎಂದಿರಬೇಕು. ಎರಡು ಪ್ರತಿ ಒಯ್ದು ಟಪಾಲು ವಿಭಾಗದಲ್ಲಿ ಕೊಡಿ, ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಹತ್ತು ದಿನ ಬಿಟ್ಟು ಆ ಪ್ರತಿ ಹಿಡಿದು ಹೋದರೆ ಕೇಸ್‌ವರ್ಕರ್ ಕಡತ ತೆಗೆದು ನೋಡುತ್ತಾರೆ. ಬರಿಗೈಯಲ್ಲಿ ಹೋಗಿ ‘ಮೊನ್ನೆ ಕೊಟ್ಟಿದ್ದೆ’ ಎಂದರೆ ಇನ್ನೊಂದು ಅರ್ಜಿ ಬರೆಯಬೇಕಾಗುತ್ತದೆ. ಮಾರ್ಚ್ ತಿಂಗಳಲ್ಲಿ ಹೋಗಬೇಡಿ, ಆರ್ಥಿಕ ವರ್ಷದ ಕೊನೆ, ಯಾರೂ ತಲೆಯೆತ್ತುವುದಿಲ್ಲ. ರಜೆಗೆ ಆರರಿಂದ ಎಂಟು ವಾರ ಮೊದಲು ಅರ್ಜಿ ಸೇರಿರಬೇಕು.

ಖಾಸಗಿ ಸಂಶೋಧನಾ ಸಂಸ್ಥೆ ಮತ್ತು ಸ್ವಯಂಸೇವಾ ಸಂಸ್ಥೆಗೆ ಇಮೇಲ್ ಸರಿ, ಆದರೆ ‘ಇನ್ಫೋ’ ಎಂದು ಶುರುವಾಗುವ ವಿಳಾಸಕ್ಕಲ್ಲ. ಅವರ ವೆಬ್‌ಸೈಟಿನಲ್ಲಿ ಇತ್ತೀಚಿನ ವರದಿಯೊಂದನ್ನು ತೆರೆದು ಬರೆದವರ ಹೆಸರು ನೋಡಿ, ಅವರಿಗೇ ಬರೆಯಿರಿ. ವರದಿಯ ಮೊದಲ ಹತ್ತು ಪುಟವನ್ನಾದರೂ ಓದಿರಬೇಕು. ಮಾದರಿ ಹೀಗೆ:

ವಿಷಯ: ಕನ್ನಡ ಸಂದರ್ಶನಗಳ ಲಿಪೀಕರಣ, 6 ವಾರ, ವಾರಕ್ಕೆ 20 ಗಂಟೆ
ಮಾನ್ಯರೇ, ಹಾವೇರಿ ಜಿಲ್ಲೆಯ ರೈತರ ಕುರಿತ ನಿಮ್ಮ ವರದಿ ಓದಿದೆ. ನಾನು ಅಲ್ಲಿಯವಳೇ, ಬಿಎ ನಾಲ್ಕನೇ ಸೆಮಿಸ್ಟರ್. ಉತ್ತರ ಕರ್ನಾಟಕದ ಮಾತನ್ನು ಕೇಳಿ ಯುನಿಕೋಡ್‌ನಲ್ಲಿ ಬರೆದುಕೊಡಬಲ್ಲೆ. 10 ನಿಮಿಷದ ರೆಕಾರ್ಡಿಂಗ್ ಮತ್ತು ಅದರ ಲಿಪೀಕರಣ ಮಾದರಿಗೆ ಲಗತ್ತಿಸಿದ್ದೇನೆ. ಪರೀಕ್ಷೆ ಮುಗಿದ ನಂತರದ ಆರು ವಾರ ಬಿಡುವಿದೆ. ಬಾಕಿ ಇರುವ ರೆಕಾರ್ಡಿಂಗ್ ಇದ್ದರೆ ಒಂದನ್ನು ಕಳಿಸಿ ನೋಡಬಹುದು.

ಇಷ್ಟೇ. ಇದರಲ್ಲಿ ‘ಕಲಿಯುವ ಹಂಬಲ’ ಇಲ್ಲ, ‘ಕಠಿಣ ಪರಿಶ್ರಮಿ’ ಇಲ್ಲ. ಓದಿದವರು ‘ಸರಿ, ಒಂದು ಕಳಿಸಿ’ ಎಂದು ಅರ್ಧ ನಿಮಿಷದಲ್ಲಿ ಬರೆಯಬಹುದು. ಅದೇ ಈ ಪತ್ರದ ಜಾಣತನ. ಎಂಟು ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. ಎರಡನೆಯ ಸಲವೂ ಸದ್ದಿಲ್ಲದಿದ್ದರೆ ಮುಂದೆ ನಡೆಯಿರಿ. ಇಂಥ ಹತ್ತು ಪತ್ರ ಬರೆಯಲು ಎರಡು ವಾರ ಬೇಕು. ಆ ಹಳೆಯ ನಲವತ್ತಕ್ಕಿಂತ ಇವಕ್ಕೆ ಬೆಲೆ ಹೆಚ್ಚು.

ರೆಸ್ಯೂಮೆ ಒಂದೇ ಪುಟ, ಪಿಡಿಎಫ್. ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ, ಕೊನೆಯಲ್ಲಿ ‘ಮೇಲಿನ ವಿವರಗಳು ಸತ್ಯವೆಂದು ಘೋಷಿಸುತ್ತೇನೆ’ ಎಂಬ ಸಾಲು, ಇವೆಲ್ಲ ಹಳೆಯ ಬಯೋಡೇಟಾದ ಪಳೆಯುಳಿಕೆ, ತೆಗೆಯಿರಿ. ಮೊಬೈಲಿನಲ್ಲಿ ತೆಗೆದ ಅಂಕಪಟ್ಟಿಯ ಫೋಟೊಗಳನ್ನು ಯಾರೂ ಕೇಳದೆ ಸೇರಿಸಬೇಡಿ. ಯಾವ ಕೆಲಸ ಮಾಡಬಲ್ಲಿರಿ ಎಂಬುದು ಮೇಲಿರಲಿ, ಅಂಕ ಕೆಳಗಿರಲಿ.

ಮಾದರಿ ಎಂದೆ. ಅದನ್ನು ಎಲ್ಲಿಂದ ತರುವುದು? ಇಲ್ಲಿ ಯಾರ ಅನುಮತಿಯೂ ಬೇಡ, ಮೂರು ವಾರ ಸಾಕು.

ಮೊದಲು ಟೈಪಿಂಗ್. ಕಾಲೇಜಿನಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕಲಿತಿದ್ದರೆ ಆ ಕಡತ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದಾಗ ಗೀಚಿದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತದೆ, ಅದರಲ್ಲಿ ಪದ ಹುಡುಕಲೂ ಆಗದು. ಸಂಸ್ಥೆಗಳು ಕೇಳುವುದು ಯುನಿಕೋಡ್, ಅಂದರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಅಕ್ಷರ. ನುಡಿಯ ಹೊಸ ಆವೃತ್ತಿಯಲ್ಲಿ ಯುನಿಕೋಡ್ ಆಯ್ಕೆ ಇದೆ, ಅದೇ ಕೀಲಿಮಣೆ ವಿನ್ಯಾಸ, ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ.

ಆಮೇಲೆ ಮನೆಯ ಹಿರಿಯರನ್ನೋ ಸಂತೆಯ ವ್ಯಾಪಾರಿಯನ್ನೋ ಕೇಳಿ, ಒಪ್ಪಿಗೆ ಪಡೆದು, ಹೊರಗೆ ಕಳಿಸುವೆ ಎಂದೂ ತಿಳಿಸಿ, 10 ನಿಮಿಷ ರೆಕಾರ್ಡ್ ಮಾಡಿ. ಆಡಿದ್ದನ್ನು ಆಡಿದಂತೆ ಬರೆಯಿರಿ. ಗ್ರಾಂಥಿಕಕ್ಕೆ ತಿದ್ದುವುದೇ ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು. ‘ಹೊಂಟೀವಿ’ ಎಂದದ್ದನ್ನು ‘ಹೊರಟಿದ್ದೇವೆ’ ಎಂದು ಬರೆದರೆ ಸಂಶೋಧಕರಿಗೆ ಅದು ಉಪಯೋಗವಿಲ್ಲ. ಪ್ರತಿ ನಿಮಿಷಕ್ಕೆ ಸಮಯ ಗುರುತು ಹಾಕಿ, ಕೇಳಿಸದ ಕಡೆ ಊಹಿಸದೆ ‘ಸ್ಪಷ್ಟವಿಲ್ಲ’ ಎಂದು ಬರೆಯಿರಿ. ಒಂದು ಗಂಟೆಯ ಧ್ವನಿಗೆ ಅಭ್ಯಾಸವಾದವರಿಗೂ ನಾಲ್ಕರಿಂದ ಆರು ಗಂಟೆ ಬೇಕು, ನಿಮಗೆ ಮೊದಲಲ್ಲಿ ಎಂಟಾಗಬಹುದು. ಕೆಲಸ ಒಪ್ಪಿಕೊಳ್ಳುವಾಗ ಈ ಲೆಕ್ಕ ನೆನಪಿರಲಿ: ವಾರಕ್ಕೆ 20 ಗಂಟೆ ಎಂದರೆ ಎರಡೂವರೆ ಗಂಟೆಯ ಧ್ವನಿ, ಅದಕ್ಕಿಂತ ಹೆಚ್ಚು ಹೇಳಬೇಡಿ.

ಅರ್ಥಶಾಸ್ತ್ರದ ಕಡೆಯಿಂದ ಹೋಗುವುದಾದರೆ ಬ್ಯಾಡಗಿ ಪಕ್ಕದಲ್ಲೇ ಇದೆ. ಮೆಣಸಿನಕಾಯಿ ಬೆಲೆ ಕುಸಿಯಿತೆಂದು 2024ರ ಮಾರ್ಚ್‌ನಲ್ಲಿ ಅಲ್ಲಿನ ಮಾರುಕಟ್ಟೆಯಲ್ಲಿ ದೊಡ್ಡ ಗಲಾಟೆಯಾಯಿತು. ಆ ವರ್ಷದ ಮತ್ತು ಹಿಂದಿನ ಎರಡು ವರ್ಷದ ಆವಕ, ಬೆಲೆಯ ಅಂಕಿಗಳನ್ನು ಕೃಷಿ ಮಾರಾಟ ವಾಹಿನಿ ಅಥವಾ ಅಗ್‌ಮಾರ್ಕ್‌ನೆಟ್ ತಾಣದಿಂದ ಎಕ್ಸೆಲ್‌ಗೆ ಇಳಿಸಿ, ತಿಂಗಳವಾರು ಕೋಷ್ಟಕ ಮಾಡಿ, ಎರಡು ಪುಟ ಬರೆಯಿರಿ. ಬ್ಯಾಡಗಿ ತಳಿ, ಗುಂಟೂರು ತಳಿ ಬೇರೆ ಬೇರೆ ಇಡಬೇಕು. ಸೇರಿಸಿ ಸರಾಸರಿ ತೆಗೆದರೆ ಬಲ್ಲವರು ಮೊದಲ ಸಾಲಿಗೇ ಪಕ್ಕಕ್ಕಿಡುತ್ತಾರೆ. ಈ ಎರಡು ಪುಟ ಸಿಎಂಡಿಆರ್‌ನಂಥ ಕಡೆ ನಿಮ್ಮ ಎಲ್ಲ ಅಂಕಪಟ್ಟಿಗಿಂತ ಜೋರಾಗಿ ಮಾತಾಡುತ್ತದೆ.

ಐಚ್ಛಿಕ ಕನ್ನಡಕ್ಕೆ ಹಳೆಯ ಪುಸ್ತಕಗಳ ಉಚಿತ ಆನ್‌ಲೈನ್ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್ ಇದೆ. ಲೇಖಕರು ತೀರಿ 60 ವರ್ಷ ದಾಟಿದ ಪುಸ್ತಕಗಳ ಸ್ಕ್ಯಾನ್ ಪುಟ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಹೋಲಿಸಿ ಕರಡು ತಿದ್ದುವುದು. ನೀವು ತಿದ್ದಿದ ಪುಟವನ್ನು ಇನ್ನೊಬ್ಬರು ನೋಡಿ ಒಪ್ಪಬೇಕು, ಹಾಗಾಗಿ ತಪ್ಪು ಎಲ್ಲಾಯಿತೆಂದೂ ಕಲಿಯುತ್ತೀರಿ. 50 ಪುಟ ಮಾಡಿದರೆ ನಿಮ್ಮ ಖಾತೆಯ ಕೊಡುಗೆಗಳ ಪಟ್ಟಿಯಲ್ಲಿ ದಿನಾಂಕ ಸಮೇತ ಉಳಿಯುತ್ತದೆ. ಪ್ರಕಾಶನದವರಿಗೆ ಆ ಕೊಂಡಿ ಕಳಿಸಿ.

ಬೆಂಗಳೂರಿನ ಮಾತು. ನಾಗರಭಾವಿಯಲ್ಲಿರುವ ಸಮಾಜ, ಅರ್ಥಶಾಸ್ತ್ರ ಸಂಶೋಧನೆಯ ಸಂಸ್ಥೆ ಐಸೆಕ್, ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್ ಆವರಣದ ವಿಜ್ಞಾನ ಚರಿತ್ರೆಯ ಪತ್ರಾಗಾರ, ಕಸ್ತೂರಬಾ ರಸ್ತೆಯ ಮ್ಯಾಪ್ ಕಲಾ ವಸ್ತುಸಂಗ್ರಹಾಲಯ, ಇವೆಲ್ಲ ಒಳ್ಳೆಯ ಜಾಗಗಳೇ. ಆದರೆ ಊಟ ಸೇರಿ ಹಂಚಿಕೆಯ ಪಿಜಿ ಕೋಣೆಗೆ ₹7,000ದಿಂದ ₹10,000, ಮುಂಗಡ ಬೇರೆ, ಓಡಾಟ ಬೇರೆ. ಸ್ಟೈಪೆಂಡ್ ಇಲ್ಲದ ಆರು ವಾರಕ್ಕೆ ಇದು ನಿಮ್ಮ ಮನೆಗೆ ಹೊರೆ. ಈ ವರ್ಷ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ಧಾರವಾಡದ ಒಂದು ಕೆಲಸ ಕೈಯಲ್ಲಿದ್ದರೆ ಮುಂದಿನ ವರ್ಷ ಸ್ಟೈಪೆಂಡ್ ಕೊಡುವ ಕಡೆ ಕೇಳಲು ಬಾಯಿ ಇರುತ್ತದೆ. ದೂರದಿಂದ ಮಾಡುವ ಲಿಪೀಕರಣ, ಅನುವಾದಕ್ಕೆ ಮಾತ್ರ ಈಗಲೇ ಬೆಂಗಳೂರಿಗೂ ಬರೆಯಿರಿ. ಅದರ ಅಪಾಯ ಬೇರೆ: ಕಣ್ಣಿಗೆ ಕಾಣದ ವಿದ್ಯಾರ್ಥಿಯನ್ನು ಮೇಲ್ವಿಚಾರಕರು ಮರೆಯುತ್ತಾರೆ, ಮೂರನೇ ವಾರ ಸುಮ್ಮನೆ ಕೂರುತ್ತೀರಿ. ಪ್ರತಿ ಶುಕ್ರವಾರ ನೀವೇ ಮಾಡಿದ್ದರ ಪಟ್ಟಿ ಕಳಿಸಿ ಮುಂದಿನ ವಾರದ್ದನ್ನು ಕೇಳಬೇಕು.

ಸಂಬಳವಿಲ್ಲದ ಕೆಲಸ ಒಪ್ಪಬಹುದೇ? ನಾಲ್ಕರಿಂದ ಆರು ವಾರ, ದಿನಕ್ಕೆ ಅರ್ಧ ಹೊತ್ತು, ಕಲಿಸುವವರು ಒಬ್ಬರಿದ್ದಾರೆ ಎಂದರೆ ಒಪ್ಪಬಹುದು. ಓಡಾಟ, ಊಟದ ಖರ್ಚು ಕೇಳಲು ನಾಚಬೇಡಿ. ಮೂರು ತಿಂಗಳು, ಪೂರ್ತಿ ದಿನ, ನೀವು ಬರೆದದ್ದನ್ನು ಅವರು ಮಾರುತ್ತಾರೆ ಎಂದಾದರೆ ಅದು ಪುಕ್ಕಟೆ ದುಡಿಮೆ. ಸಣ್ಣ ಸುದ್ದಿತಾಣಗಳಲ್ಲಿ, ಸೋಷಿಯಲ್ ಮೀಡಿಯಾ ಏಜೆನ್ಸಿಗಳಲ್ಲಿ ಇದು ಹೆಚ್ಚು. ಸ್ಟೈಪೆಂಡ್ ಚೆನ್ನಾಗಿದೆ ಎಂದು ‘ಬಿಸಿನೆಸ್ ಡೆವಲಪ್‌ಮೆಂಟ್’ ಇಂಟರ್ನ್‌ಶಿಪ್‌ಗೆ ಹೋದರೆ ಅದು ಬಹುತೇಕ ಫೋನಿನಲ್ಲಿ ಕೋರ್ಸ್ ಮಾರುವುದು. ದುಡ್ಡಿಗೇ ಎಂದು ಗೊತ್ತಿದ್ದು ಮಾಡಿದರೆ ತಪ್ಪಿಲ್ಲ, ಅದರಿಂದ ಸಂಶೋಧನೆಯ ದಾರಿ ಸಿಗುತ್ತದೆಂದು ತಿಳಿಯಬೇಡಿ.

ಕ್ರೆಡಿಟ್ ಲೆಕ್ಕವನ್ನು ಮೊದಲೇ ನೋಡಿಕೊಳ್ಳಿ. ಯುಜಿಸಿ ಮಾರ್ಗಸೂಚಿಯಲ್ಲಿ ಇಂಟರ್ನ್‌ಶಿಪ್‌ನ ಒಂದು ಕ್ರೆಡಿಟ್‌ಗೆ 30 ಗಂಟೆ. ಎರಡು ಕ್ರೆಡಿಟ್‌ಗೆ 60 ಗಂಟೆ, ಅಂದರೆ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನದಂತೆ ಮೂರು ವಾರ; ವಾರಕ್ಕೆ 20 ಗಂಟೆಯಂತೆ ಆರು ವಾರ ಮಾಡಿದರೆ 120. ನಿಮ್ಮ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಎಷ್ಟು ಎಂದು ಇಂಟರ್ನ್‌ಶಿಪ್ ಸೇರುವ ಮೊದಲೇ ವಿಭಾಗದ ಮುಖ್ಯಸ್ಥರನ್ನು ಕೇಳಿ. ಕೆಲಸ ಮುಗಿದ ಮೇಲೆ ಕೇಳಲು ಹೋಗಿ ‘ನಮ್ಮ ನಮೂನೆಯಲ್ಲಿಲ್ಲ’ ಎನಿಸಿಕೊಂಡವರು ಬಹಳ. ಸರ್ಟಿಫಿಕೇಟಿನಲ್ಲಿ ಸಂಸ್ಥೆಯ ಲೆಟರ್‌ಹೆಡ್, ದಿನಾಂಕ, ಒಟ್ಟು ಗಂಟೆ, ಮಾಡಿದ ಕೆಲಸ, ಮೇಲ್ವಿಚಾರಕರ ಹೆಸರು ಮತ್ತು ಸಹಿ ಇರಲಿ. ‘ಶ್ರದ್ಧೆಯಿಂದ ಕಾರ್ಯನಿರ್ವಹಿಸಿದ್ದಾರೆ’ ಎಂಬ ಒಂದೇ ಸಾಲಿಗಿಂತ ‘14 ಗಂಟೆಯ ಧ್ವನಿಯನ್ನು ಲಿಪೀಕರಿಸಿದ್ದಾರೆ’ ಎಂಬುದು ಮೇಲು.

ಇಲ್ಲಿ ಹೆಚ್ಚಾಗಿ ಕೈಕೊಡುವುದು ಒಂದು. ಸರ್ಕಾರಿ ಕಚೇರಿಯಲ್ಲಿ ನಿಮ್ಮನ್ನು ಸೇರಿಸಿಕೊಂಡ ಅಧಿಕಾರಿಗೆ ನಡುವೆ ವರ್ಗವಾದರೆ ಹೊಸಬರು ‘ನೀವು ಯಾರು’ ಎನ್ನುತ್ತಾರೆ. ಹಾಗಾಗಿ ಸೇರಿದ ದಿನವೇ ಒಂದು ಸಾಲಿನ ಅನುಮತಿ ಪತ್ರ ಪಡೆಯಿರಿ, 100 ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಕೆಲಸ ಬರೆದು ಶನಿವಾರಕ್ಕೊಮ್ಮೆ ಸಹಿ ಹಾಕಿಸಿ. ಎರಡನೇ ವಾರದಲ್ಲಿ ಜೆರಾಕ್ಸ್, ಚಹಾ ತರುವ ಕೆಲಸಕ್ಕೆ ಇಳಿಸಿದ್ದಾರೆ ಅನಿಸಿದರೆ ಜಗಳ ಬೇಡ. ‘ಸರ್, ಈ ರ‍್ಯಾಕಿನ ಕಡತಗಳಿಗೆ ಸೂಚಿ ಮಾಡಲೇ’ ಎಂದು ಕೆಲಸವನ್ನು ನೀವೇ ತೋರಿಸಿ. ಧಾರವಾಡ ಕಡೆಯ ಹಳೆಯ ಕಂದಾಯ ದಾಖಲೆಗಳಲ್ಲಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯವು ಇರುತ್ತವೆ, ಅವನ್ನು ಓದಬಲ್ಲವರು ಕಡಿಮೆ. ಆ ಲಿಪಿ ಬಲ್ಲ ಹಿರಿಯರು ಅಲ್ಲಿ ಸಿಕ್ಕರೆ ಹತ್ತಿರ ಕೂತು ಕಲಿಯಿರಿ, ಇತಿಹಾಸದ ಎಂಎಗೆ ಹೋಗುವ ಮನಸ್ಸಿದ್ದರೆ ಅದೊಂದೇ ಸಾಕು.

ಅಪ್ಪನ ವಿಷಯ. ಅವರು ಒಪ್ಪದಿರುವುದು ಹೆಚ್ಚಾಗಿ ಎಲ್ಲಿ, ಯಾರ ಹತ್ತಿರ, ಎಷ್ಟು ಹೊತ್ತಿನವರೆಗೆ ಎಂದು ಗೊತ್ತಿಲ್ಲದ ಕಾರಣಕ್ಕೆ. ಅನುಮತಿ ಪತ್ರದ ಒಂದು ಪ್ರತಿಯನ್ನು ಅವರ ಕೈಗೆ ಕೊಡಿ, ಅದರ ಹಿಂದೆ ಕಚೇರಿಯ ದೂರವಾಣಿ, ಮೇಲ್ವಿಚಾರಕರ ಹೆಸರು, ನೀವು ಹತ್ತುವ ಬಸ್ಸಿನ ಸಮಯ ಬರೆದಿರಿ. ಮೊದಲ ದಿನ ಜೊತೆಗೆ ಬಂದು ಜಾಗ ನೋಡುತ್ತೇನೆ ಎಂದರೆ ಕರೆದುಕೊಂಡು ಹೋಗಿ.